ಸಾವಿನ ಚೀಟಿಗೊಂದು ಚಂದದ ಮುಖ
ಗಾಬ್ರೊವೊ ಊರಿನ ರದೋಸ್ವೆತಾ ಅಜ್ಜಿ ಫೋಟೊ ತಿದ್ದುವ ಪುಕ್ಕಟೆ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡದ್ದು ತನ್ನ ಅರವತ್ತೆಂಟನೇ ವಯಸ್ಸಿನಲ್ಲಿ. ಮೊದಲ ದಿನವೇ ಫೋಟೊದಲ್ಲಿದ್ದ ನೆರೆಮನೆಯ ಗಾಂಚೊನ ಮೂಗು ಅಳಿಸಿಹೋಗಿ, ಕೊನೆಗೆ ಮಾಡಿದ್ದನ್ನು ರದ್ದುಮಾಡುವ ಗುಂಡಿ ಕಂಡಾಗ, “ಅಯ್ಯೋ, ಇಂಥದ್ದೊಂದು ನನ್ನ ಮದುವೆ ದಿನ ಸಿಗ್ಬೇಕಿತ್ತು!” ಎಂದು ನಕ್ಕಿದ್ದಳು. ಈಗ ಬೀದಿಯಲ್ಲಿ ಯಾರು ಸತ್ತರೂ ಅಲ್ಲಿನ ರೂಢಿಯಂತೆ ಮನೆ ಬಾಗಿಲಿಗೆ ಅಂಟಿಸುವ ಸಾವಿನ ಚೀಟಿಯ ಫೋಟೊ ತಿದ್ದುವವಳು ಅವಳೇ. ಕುಡುಕನಿಗೆ ಟೈ ತೊಡಿಸುತ್ತಾಳೆ, ಬೊಕ್ಕತಲೆಗೆ ಕೂದಲು ಬೆಳೆಸುತ್ತಾಳೆ. ಬದುಕಿರುವವರೂ ಬಂದು, “ಅಜ್ಜಿ, ನಂಗೆ ಗದ್ದ ಒಂದೇ ಇರ್ಲಿ, ಎರಡು ಬೇಡ” ಎಂದು ಈಗಲೇ ಹೇಳಿಟ್ಟು ಹೋಗುತ್ತಾರೆ. ಕಳೆದ ಚಳಿಗಾಲದಲ್ಲಿ ಅವಳ ಗಂಡ ಪೆತ್ಕೊ ತೀರಿಕೊಂಡಾಗ ಮಾತ್ರ, ಚೀಟಿಯ ಫೋಟೊದಲ್ಲಿ ಅವನ ಹೆಗಲ ಮೇಲೆ ಯಾರದೋ ಕೈ ಹಾಗೇ ಉಳಿದಿತ್ತು. “ಅದನ್ನ ಅಳಿಸೋದು ಮರೆತ್ಬಿಟ್ಯಾ ಅಜ್ಜಿ?” ಎಂದ ಗಾಂಚೊ. “ಮರೆತಿಲ್ಲ ಕಣೋ, ಅದು ನನ್ನ ಕೈ” ಎಂದಳು.