ಪುಟ್ಟತಾಯಿ ಅತ್ತೆಯ ಹರಳೆಣ್ಣೆ

ಹರಳೆಣ್ಣೆ ಕಾಯುವ ವಾಸನೆಗೆ ನನಗೆ ಅಡುಗೆಮನೆ ನೆನಪಾಗುವುದಿಲ್ಲ. ಬಿಡದಿಯ ಹಳೆಯ ರಸ್ತೆಯಂಚಿನ ನಮ್ಮ ಮನೆ, ಅದಕ್ಕೆ ಒತ್ತಿಕೊಂಡಿದ್ದ ಅಪ್ಪನ ಗ್ಯಾರೇಜು, ಅಲ್ಲಿ ಅಂಬಾಸಿಡರ್ ಕಾರಿನಡಿ ಅಂಗಾತ ಮಲಗಿದ ಪುಟ್ಟತಾಯಿ ಅತ್ತೆ ನೆನಪಾಗುತ್ತಾರೆ. ಅಪ್ಪನ ತಂಗಿಯಾದ ಅವರು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನೋಡಿ ನೋಡಿಯೇ ಕೆಲಸ ಕಲಿತಿದ್ದರು. ಹಿಂಚಕ್ರಗಳ ಮೇಲೆ ಕಾರಿನ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನುಪಟ್ಟಿಗಳನ್ನು ಬಿಚ್ಚಿ ತುಕ್ಕು ಉಜ್ಜುವುದು ಅವರದೇ ಕೆಲಸವಾಗಿತ್ತು. ಗಿರಾಕಿ ಬಂದೊಡನೆ ಮಾತ್ರ ಒಳಗೆ ಹೋಗಬೇಕಿತ್ತು. ದುಡಿಮೆ ಅವರದು, ಹೆಸರು ಅಪ್ಪನದು. ಇದು ಅನ್ಯಾಯ. ಅಪ್ಪನ ಮೇಲಿನ ಪ್ರೀತಿಗಾಗಿ ಇದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಸುತ್ತ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳವು. ರಸ್ತೆಯೆಲ್ಲ ಲಾರಿಗಳ ಧೂಳು. ಬೈರಮಂಗಲದ ಗೌಡರೊಬ್ಬರ ಹಳೆಯ ಕಾರು ಗುಂಡಿ ಸಿಕ್ಕಲ್ಲೆಲ್ಲ ಕಿರುಗುಟ್ಟುತ್ತಿತ್ತು. ಅಪ್ಪ ಇಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ಪಟ್ಟಿಗಳ ಮೇಲೆ ಸುರಿದು ಕಳಿಸುತ್ತಿದ್ದರು. ಅದಕ್ಕೆ ಧೂಳು ಮೆತ್ತಿ ವಾರದೊಳಗೆ ಸದ್ದು ಮರಳುತ್ತಿತ್ತು. ಮೂರನೆಯ ಸಲ ಗೌಡರು ರೇಗಿದಾಗ, ಹೆಂಗಸು ಕೈಹಾಕಿದ್ದರಿಂದ ಹೀಗಾಯಿತೆಂದು ಅಪ್ಪ ಎಲ್ಲರೆದುರು ಹೇಳಿಬಿಟ್ಟರು. ಅತ್ತೆ ಅಂದು ಒಳಗೆ ಹೋಗಲಿಲ್ಲ.

"ಪಟ್ಟಿ ತುದೀಲಿರೋ ರಬ್ಬರ್ ಮುಟ್ಟಿ ನೋಡಣ್ಣ, ಊದ್ಕಂಡೈತೆ. ನಿನ್ ಆಯಿಲ್ ಅದನ್ನ ತಿಂತಾ ಐತೆ. ಹರಳೆಣ್ಣೆ ತಿನ್ನಕಿಲ್ಲ. ಒಂದ್ಕಿತ ನಂಗೆ ಬುಡು. ಆಮ್ಯಾಕೂ ಸದ್ದು ಬಂದ್ರೆ ನಾನೀ ಗ್ಯಾರೇಜಿಗೆ ಕಾಲಿಡಕಿಲ್ಲ. ಬರ್ನಿಲ್ಲ ಅಂದ್ರೆ ಬೋರ್ಡ್ ಮ್ಯಾಲೆ ನನ್ ಹೆಸ್ರು ಬರೀಬೇಕು."

ಗೌಡರು ನಕ್ಕು, ಹೆಸರು ಬರೆಯುವ ಬಣ್ಣ ತಾವೇ ಕೊಡಿಸುವುದಾಗಿ ಹೇಳಿದರು. ರಾಗಿ ಹೊಲದ ಸಾಲಿನಲ್ಲಿ ಬೆಳೆದ ಹರಳನ್ನು ಹುರಿದು, ಅರೆದು, ಕುದಿಸಿ ತೆಗೆದ ಎಣ್ಣೆ ಮನೆಯಲ್ಲಿತ್ತು. ಅತ್ತೆ ಊದಿದ ರಬ್ಬರ್ ಬದಲಿಸಿ, ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿ ಎಣ್ಣೆ ಸವರಿ, ಧೂಳು ಹೊಗದಂತೆ ಎಣ್ಣೆಯಲ್ಲಿ ನೆನೆಸಿದ ಗೋಣಿಯ ಸೀಳು ಸುತ್ತಿ, ಹುರಿಯಿಂದ ಬಿಗಿದರು. ಎರಡು ವಾರ ಓಡಿಸಿದ ಮೇಲೆ ಗೌಡರು ಮುದಿತಾಯಿಯನ್ನು ಕೂರಿಸಿಕೊಂಡು ದೇವಿಯ ದರ್ಶನಕ್ಕೆ ಕಬ್ಬಾಳಿಗೆ ಹೋದರು.

ಅಂದು ಸಂಜೆ ಕಾರು ರೈಲ್ವೆ ಗೇಟಿನ ಹಳಿಗಳನ್ನು ದಾಟಿ ಬಂತು. ಇಂಜಿನ್ನಿನದಲ್ಲದೆ ಬೇರೆ ಸದ್ದೇ ಇರಲಿಲ್ಲ. ಗೌಡರು ಇಳಿದು, ಅಪ್ಪನನ್ನು ದಾಟಿ, ಮೊದಲ ಬಾರಿಗೆ ನೇರವಾಗಿ ಅತ್ತೆಯೊಡನೆ ಮಾತನಾಡಿದರು: "ಇಲ್ಲಿ ನಿದ್ದೆ ಹೋದ ನಮ್ಮವ್ವ ಕಬ್ಬಾಳಲ್ಲೇ ಎದ್ದಿದ್ದು ಕಣ್ ತಾಯಿ." ಆಮೇಲೆ ಅಪ್ಪನ ಕಡೆ ತಿರುಗಿ, "ಈಗ ಬರಿ ಕಣ್ಲಾ" ಎಂದರು.

ಅಪ್ಪ ಏಣಿ ಹತ್ತಿ ಬರೆದರು. ನನ್ನತ್ತೆ ಎಣ್ಣೆಗೈಯನ್ನು ಸೊಂಟದ ಮೇಲಿಟ್ಟು, ಒಂದೊಂದು ಅಕ್ಷರವನ್ನೂ ನೋಡುತ್ತ ರಸ್ತೆಯಲ್ಲೇ ನಿಂತರು.

ಮುಂದೆ ರಸ್ತೆ ಅಗಲವಾಯಿತು. ಮನೆ, ಗ್ಯಾರೇಜು ಎರಡೂ ಅದರಡಿ ಹೋದವು. ಪರಿಹಾರದ ಕಾಗದದಲ್ಲಿ ಅತ್ತೆಯ ಹೆಸರಿರಲಿಲ್ಲ. ಅದೂ ಅನ್ಯಾಯವೇ. ಇಂದು ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಆ ತಗಡಿನ ಬೋರ್ಡು ನನ್ನ ಬಳಿಯಿದೆ. ತುಕ್ಕು ಹಿಡಿಯದಿರಲೆಂದು ಆಗಾಗ ಹರಳೆಣ್ಣೆ ಸವರುತ್ತೇನೆ. ಗ್ಯಾರೇಜೆಂಬ ಪದ ಉದುರಿಹೋಗಿದೆ. ಗೌಡರ ಬಣ್ಣದಲ್ಲಿ ಬರೆದ ಪುಟ್ಟತಾಯಮ್ಮ ಮಾತ್ರ ಉಳಿದಿದೆ.