ಪುಟ್ಟಕ್ಕ ಹೇಳದೆ ಉಳಿಸಿಕೊಂಡ ಮಾತು

ಪುಟ್ಟಕ್ಕನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು. ಅವಳ ಹೊಟ್ಟೆಕಿಚ್ಚೂ ಹಾಗೇ ಗೋಡೆ ದಾಟಿ ಬರುತ್ತಿತ್ತು, ಅದರ ಘಾಟೇನೂ ಕಮ್ಮಿ ಇರಲಿಲ್ಲ.

ಬರಗೂರಿನ ಹತ್ತಿರದ ಗೊಲ್ಲರಹಟ್ಟಿಯಲ್ಲಿ ಹುಟ್ಟಿದವಳು, ಏಳನೇ ಕ್ಲಾಸು ಓದಿದವಳು. ಗಂಡ ಬೇಗ ತೀರಿಕೊಂಡ ಮೇಲೆ ಶಿರಾ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಅಲ್ಲಿದ್ದ ಡಾಕ್ಟರಮ್ಮ ಬೈದು ಬೈದು ಇವಳನ್ನು ನರ್ಸ್ ತರಬೇತಿಗೆ ಕಳಿಸಿದರು. ಎರಡು ವರ್ಷ ಕಲಿತು, ಪಾವಗಡದ ಕಡೆ ಹಳ್ಳಿ ಹಳ್ಳಿ ತಿರುಗಿ, ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇಸವಿಯಲ್ಲಿ ಬುಕ್ಕಾಪಟ್ಟಣದ ದಾರಿಯಲ್ಲಿರುವ ನಮ್ಮೂರ ಆಸ್ಪತ್ರೆಗೆ ಬಂದಳು. ಹೆರಿಗೆ ನೋವು ತಿನ್ನುವ ಹೆಂಗಸರಿಗೆ "ಓರ್ಚುಕೋ ತಲ್ಲಿ" ಅನ್ನುತ್ತಿದ್ದಳು, ತಡೆದುಕೋ ತಾಯಿ ಅಂತ. ಪಾವಗಡದಲ್ಲಿ ಅಂಟಿದ ಆ ತೆಲುಗು ಅವಳನ್ನು ಬಿಡಲೇ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಸಿರಿಂಜು ಕುದಿಸು, ಹಾಸಿಗೆ ಬಟ್ಟೆ ಬದಲಿಸು ಅಂತ. ಆದರೆ ಊರಾಚೆಯ ಗೊಲ್ಲರಹಟ್ಟಿಯಲ್ಲಿ ಅವಳು ನರ್ಸಮ್ಮ. ಆ ಹಟ್ಟಿಯಲ್ಲಿ ಹೆರಿಗೆಯಾದವರನ್ನು ಬೇಲಿಯ ಒಳಗೆ ಇರಿಸಿಕೊಳ್ಳುವುದಿಲ್ಲ. ಹೊರಗಿನ ಗುಡಿಸಲಲ್ಲಿ ಬಾಣಂತಿ ಇರಬೇಕು. ಅವಳನ್ನು ಮುಟ್ಟಿದವರೂ ತಲೆಗೆ ನೀರು ಹಾಕಿಕೊಳ್ಳದೆ ಬೇಲಿ ದಾಟುವಂತಿಲ್ಲ. ಅಂಥ ಗುಡಿಸಲಲ್ಲೇ ಹುಟ್ಟಿದವಳು ತಾನು, ಅದರ ಚಳಿ ಗೊತ್ತು ಅನ್ನುತ್ತಿದ್ದಳು ಪುಟ್ಟಕ್ಕ. ಹಟ್ಟಿಯವರಿಗೆ ಅವಳು ತಮ್ಮವಳು, ರೀತಿ ಬಲ್ಲವಳು. ಹೊರಗಿನ ಇನ್ನೊಬ್ಬರನ್ನು ಅವರು ಕರೆದವರೇ ಅಲ್ಲ.

ಹೀಗಿರುವಾಗ ಕಮಲಾಕ್ಷಮ್ಮ ಬಂದಳು. ತೋವಿನಕೆರೆ ಕಡೆಯ ಲಿಂಗಾಯತರ ಹುಡುಗಿ, ಬೆಂಗಳೂರಲ್ಲಿ ಮೂರು ವರ್ಷ ನರ್ಸಿಂಗ್ ಓದಿದವಳು. ತಲೆ ಮೇಲೆ ಬಿಳಿ ಟೋಪಿ, ಎದೆಗೆ ಪಿನ್ನು ಹಾಕಿ ಸಿಕ್ಕಿಸಿದ ಗಡಿಯಾರ. ಡಾಕ್ಟರು ಮೊದಲ ದಿನವೇ ಅವಳನ್ನು ಸಿಸ್ಟರ್ ಅಂದರು.

ಆ ಸಂಜೆ ಪುಟ್ಟಕ್ಕ ನನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು. ಕಾಳಿಗಿಂತ ಸಿಪ್ಪೆಯೇ ಮೊರಕ್ಕೆ ಬೀಳುತ್ತಿತ್ತು.

"ಗಡಿಯಾರ ಇಲ್ದಿದ್ರೆ ನಾಡಿ ಹೊಡ್ಯಾಕಿಲ್ವೇನಕ್ಕಯ್ಯ? ಇಷ್ಟು ದಿನ ನಾನು ಹಿಡಿದ ನಾಡಿಯೆಲ್ಲ ನಿಂತೋಗಿದ್ವಾ?"

ಆ ಹುಡುಗಿ ಒಳ್ಳೆಯವಳ ಹಾಗೆ ಕಾಣುತ್ತಾಳಲ್ಲ ಅಂದೆ.

"ಒಳ್ಳೇವ್ಳು ಅಂತ್ಲೇ ಹೊಟ್ಟೆ ಉರೀತದೆ. ಕೆಟ್ಟವ್ಳಾಗಿದ್ರೆ ಬೈಕಂಡು ನೆಮ್ಮದಿಯಾಗಿರ್ತಿದ್ದೆ."

ಆದರೂ ಸಹಿಸಿಕೊಂಡಳು. ಆಸ್ಪತ್ರೆ ಅವಳದಾಗಲಿ, ಹಟ್ಟಿ ನನ್ನದು ಅನ್ನುವ ಧೈರ್ಯ ಇತ್ತು. ಆ ಧೈರ್ಯಕ್ಕೂ ಒಂದು ದಿನ ಏಟು ಬಿತ್ತು. ಹಟ್ಟಿಯ ಯಜಮಾನ ಕ್ಯಾತಪ್ಪನ ಮಗ ಹುಚ್ಚಣ್ಣ ಓಡಿ ಬಂದ. ಹೆಂಡತಿಗೆ ನೋವು ಶುರುವಾಗಿದೆ, ಟೋಪಿ ಸಿಸ್ಟರೂ ಬರಬೇಕಂತೆ, ಅವ್ವ ಹೇಳಿ ಕಳಿಸಿದ್ದಾಳೆ ಅಂದ.

ಇಬ್ಬರೂ ಹೊರಟರು. ದಾರಿಯಲ್ಲಿ ಕಮಲಾಕ್ಷಮ್ಮ, ನನಗೆ ಆ ಜನದ ಪದ್ಧತಿ ಗೊತ್ತಿಲ್ಲ, ಏನಾದರೂ ನೋಡಿಕೊಳ್ಳಬೇಕಾ ಪುಟ್ಟಕ್ಕ ಅಂತ ಕೇಳಿದಳು.

"ಏನಿಲ್ಲ, ನಡೀರಿ" ಅಂದಳು ಪುಟ್ಟಕ್ಕ.

ಬೇಲಿಯ ಹೊರಗಿನ ಗುಡಿಸಲಲ್ಲಿ ಹೆರಿಗೆ ಸಲೀಸಾಯಿತು, ಹೆಣ್ಣು ಮಗು. ಕೂಸನ್ನು ಹಿಡಿದದ್ದು ಪುಟ್ಟಕ್ಕನ ಕೈಯೇ. ಅಷ್ಟರಲ್ಲಿ ಬಿಸಿನೀರು ಮುಗಿಯಿತು. ತರುತ್ತೇನೆಂದು ಕಮಲಾಕ್ಷಮ್ಮ ಚೆಂಬು ಹಿಡಿದು ಹಟ್ಟಿಯ ಕಡೆ ಹೊರಟಳು. ಪುಟ್ಟಕ್ಕ ನೋಡಿದಳು. ಒಂದು ಸಲ ಕೂಗಿದ್ದರೆ ಸಾಕಿತ್ತು. ತಲೆ ಬಗ್ಗಿಸಿ ಕೂಸಿನ ಮೈ ಒರೆಸುತ್ತಾ ಕೂತುಬಿಟ್ಟಳು.

ಕಮಲಾಕ್ಷಮ್ಮ ಮುಳ್ಳಿನ ಬೇಲಿ ದಾಟಿ ನೇರ ಕ್ಯಾತಪ್ಪನ ಬಾಗಿಲಿಗೇ ಹೋಗಿ ನೀರು ಕೇಳಿದಳು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. ಹಟ್ಟಿಗೆಲ್ಲ ಮೈಲಿಗೆ. ಮಾಡಿದ್ದ ಮುದ್ದೆ ನಾಯಿಗಳ ಪಾಲಾಯಿತು. ಕಮಲಾಕ್ಷಮ್ಮ ತಾನು ಮಾಡಿದ ತಪ್ಪೇನೆಂದೂ ತಿಳಿಯದೆ ಖಾಲಿ ಚೆಂಬು ಹಿಡಿದು ಬೇಲಿಯ ಹತ್ತಿರ ಅಳುತ್ತಾ ನಿಂತಳು.

ಇನ್ನು ಇವಳನ್ನು ಯಾರೂ ಕರೆಯುವುದಿಲ್ಲ ಅಂತ ಪುಟ್ಟಕ್ಕನಿಗೆ ಒಳಗೇ ಸಮಾಧಾನವಾಯಿತಂತೆ. ಇದನ್ನು ಅವಳೇ ನನಗೆ ಹೇಳಿದ್ದು. ಕ್ಯಾತಪ್ಪ ಬೇವಿನ ಮರದಡಿ ಕೂತು ಕಮಲಾಕ್ಷಮ್ಮನನ್ನು ವಿಚಾರಿಸಿದ. ಪುಟ್ಟಕ್ಕನನ್ನು ಕೇಳಿದ್ದೆ, ಏನಿಲ್ಲ ಅಂದರು ಅಂತ ಅವಳು ಇದ್ದದ್ದನ್ನು ಹೇಳಿದಳು. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಮುದುಕ ಪುಟ್ಟಕ್ಕನ ಕಡೆ ತಿರುಗಿದ.

"ಆ ಯಮ್ಮ ಅರೀದೆ ತುಳುದ್ಲು. ನೀನು ಅರ್ತು ತುಳಿಸ್ದೆ ಕಣೇ ಪುಟ್ಟಿ."

ನರ್ಸಮ್ಮ ಹೋಗಿ ಪುಟ್ಟಿಯಾಗಿದ್ದಳು. ಮೈಲಿಗೆ ಕಳೆಯಲು ನೀನೇ ಬಾವಿಯಿಂದ ನೀರು ಹೊತ್ತು ಮನೆಮನೆ ಬಾಗಿಲಿಗೂ ಹಾಕಬೇಕು, ಇನ್ನು ಮುಂದೆ ಬಂದರೆ ಇಬ್ಬರೂ ಜೊತೆಗೇ ಬರಬೇಕು, ರೀತಿ ಹೇಳಿಕೊಡುವುದು ನಿನ್ನ ಪಾಲು ಅಂತ ಕ್ಯಾತಪ್ಪ ತೀರ್ಮಾನ ಕೊಟ್ಟ.

ಪುಟ್ಟಕ್ಕ ತಲೆಗೆ ನೀರು ಹಾಕಿಕೊಂಡು ಬಿಂದಿಗೆ ಎತ್ತಿದಳು. ಕಮಲಾಕ್ಷಮ್ಮ ತಾನೂ ಹೊರುತ್ತೇನೆಂದು ಕೈ ಚಾಚಿದಳು.

"ಮುಟ್ಬ್ಯಾಡಿ. ಮೊದ್ಲು ತಲೆಗೆ ನೀರು ಹಾಕ್ಕಳಿ, ಆಮ್ಯಾಕೆ ಬಿಂದಿಗೆ."

ಅವಳಿಗೆ ಪುಟ್ಟಕ್ಕ ಹೇಳಿಕೊಟ್ಟ ಮೊದಲ ರೀತಿ ಅದೇ. ಹೊತ್ತು ಇಳಿಯುವವರೆಗೆ ಇಬ್ಬರೂ ನೀರು ಹೊತ್ತರು.

ಬಾಣಂತಿ ಹಟ್ಟಿಯ ಒಳಗೆ ಹೋದ ಮೇಲೆ ಕೂಸಿಗೆ ಕಮಲಾಕ್ಷಿ ಅಂತ ಹೆಸರಿಟ್ಟರು. ಪುಟ್ಟಕ್ಕ ಜಗಲಿಗೆ ಬಂದು ಕೈ ಮುಂದೆ ಹಿಡಿದಳು.

"ಹಿಡಿದಿದ್ದು ಈ ಕೈ, ಹೆಸ್ರು ಅವ್ಳದು. ಪುಟ್ಟಕ್ಕ ಅಂದ್ರೆ ಹಟ್ಟೀಲಿ ಮನೆಗೊಬ್ಳು ಅವ್ಳೆ, ಇನ್ನೊಬ್ಳು ಯಾಕೆ ಅಂದ್ರಂತೆ."

ನಾನು ನಕ್ಕೆ. ಅವಳು ನಗಲಿಲ್ಲ.

ಎಂಬತ್ಮೂರರಲ್ಲಿ ಕಮಲಾಕ್ಷಮ್ಮನಿಗೆ ಕೊರಟಗೆರೆಗೆ ವರ್ಗವಾಗುವವರೆಗೂ ಇಬ್ಬರೂ ಜೊತೆಗೇ ಹಟ್ಟಿಗೆ ಹೋಗುತ್ತಿದ್ದರು. ಮುಂದೆ ನಡೆಯುವವಳು ಪುಟ್ಟಕ್ಕ. ಎಲ್ಲಿ ನಿಲ್ಲಬೇಕು, ಯಾವಾಗ ಮೀಯಬೇಕು, ಎಲ್ಲ ಹೇಳಿಕೊಟ್ಟಳು, ಒಂದನ್ನೂ ಬಚ್ಚಿಡಲಿಲ್ಲ. ಹಟ್ಟಿಯ ಆ ಮಗು ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಬಂದರೆ ಮಾತ್ರ, "ಬಾರೇ ಹುಚ್ಚಣ್ಣನ ಮಗಳೇ" ಅಂತ ಕರೆಯುತ್ತಿದ್ದಳು. ಕಮಲಾಕ್ಷಿ ಅಂತ ಪುಟ್ಟಕ್ಕನ ಬಾಯಲ್ಲಿ ನಾನು ಕೇಳಲೇ ಇಲ್ಲ.