ಕಾಗದದಲ್ಲಿ ಸುತ್ತಿಟ್ಟ ಉಗುರು

ಗಂಡ ಗಂಗಯ್ಯ ಏಳುವಷ್ಟರಲ್ಲಿ ಮುದ್ದೆ ತೊಳಸಿ ಮುಚ್ಚಿಟ್ಟು, ಹಳ್ಳಿಮೈಸೂರಿನಿಂದ ಮೊದಲ ಬಸ್ಸು ಹಿಡಿಯುತ್ತಾಳೆ ಮಾದಮ್ಮ. ಹಾಸನದ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅವಳು ಹನ್ನೊಂದು ವರ್ಷದಿಂದ ಕಸ ಗುಡಿಸುತ್ತಾಳೆ. ಗೊರಸು, ಉಗುರು, ಗರಿಗಳ ಗಾಜಿನ ಪೆಟ್ಟಿಗೆ ಒರೆಸುವುದು, ಮೈಕ್ರೋಸ್ಕೋಪುಗಳ ಮುಸುಕು ತೆಗೆದು ಧೂಳು ಹೊಡೆಯುವುದು ಅವಳೇ. ಅವುಗಳೊಳಗೆ ಒಮ್ಮೆ ಕಣ್ಣಿಡುವ ಆಸೆ ಮಾತ್ರ ಹಾಗೇ ಉಳಿದಿತ್ತು. ನೋಡು ಎಂದು ಯಾರೂ ಹೇಳಲಿಲ್ಲ; ಇವಳೂ ಕೇಳಲಿಲ್ಲ.

ಒಂದು ಮಧ್ಯಾಹ್ನ ವಿದ್ಯಾರ್ಥಿನಿ ತೇಜಶ್ರೀ ಒಬ್ಬಳೇ ಕೂತು ಕೋಳಿಗರಿಯೊಂದಿಗೆ ಒದ್ದಾಡುತ್ತಿದ್ದಳು. ಗರಿಯ ಎಳೆಗಳು ಸೀಳಿಹೋಗಿದ್ದವು.

"ಕೊಡಿಲ್ಲಿ ಮಗ. ಅಂಗೆ ಉಜ್ಜುದ್ರೆ ಇನ್ನೂ ಕೆದರ್ಕತ್ತದೆ."

ಮಾದಮ್ಮ ಎರಡು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ನೀವಿದಳು. ಸೀಳು ಮುಚ್ಚಿಕೊಂಡಿತು.

"ಆಂಟಿ! ಎಲ್ಲಿ ಕಲಿತ್ರಿ ಇದನ್ನ?"

"ನಮ್ಮಾವನ ದೆಸೆಯಿಂದ ಕಣವ್ವ. ಉಂಡಾದ್ಮೇಲೆ ಕಿವೀಲಿ ಗರಿ ಆಡ್ಸ್ಬೇಕಾಗಿತ್ತು ಅವ್ರಿಗೆ. ನೆಟ್ಟಗಿರೋ ಗರೀನೇ ಆಗ್ಬೇಕು. ಕೋಳಿ ಪುಕ್ಕ ತರಿಯೋಳು ನಾನು, ತೊಳೆಯೋಳು ನಾನು, ನೀವಿ ಸೂರಿಗೆ ಸಿಗ್ಸೋಳು ನಾನು. ಉಣ್ಣಕ್ಕೆ ಕೂತ್ರೆ ನನ್ ಪಾಲಿಗೆ ಕತ್ತು, ರೆಕ್ಕೆ ತುದಿ!"

ತೇಜಶ್ರೀ ನಗುತ್ತಾ ಗರಿಯನ್ನು ಮೈಕ್ರೋಸ್ಕೋಪಿನ ಮಸೂರದ ಕೆಳಗಿಟ್ಟು ಕರೆದಳು. "ಬನ್ನಿ, ನೋಡಿ."

ಮಾದಮ್ಮ ಸೆರಗಿಗೆ ಕೈ ಒರೆಸಿ ಬಗ್ಗಿದಳು. "ಏನಿಲ್ಲ ಕಣವ್ವ, ಬರೀ ಕಪ್ಪು ಕಡ್ಡಿ."

"ಅದು ನಿಮ್ಮದೇ ರೆಪ್ಪೆ! ಸ್ವಲ್ಪ ಹಿಂದೆ ಬನ್ನಿ."

ಬೆಳಕು ಬಿಚ್ಚಿಕೊಂಡಿತು. ಎಳೆ ಎಳೆಗೂ ಕೊಕ್ಕೆ. ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿದಿತ್ತು.

"ಅಯ್ ಶಿವನೇ! ರವ್ಕೆ ಕೊಕ್ಕೆ ಇದ್ದಂಗವೆ."

ಮೊಟ್ಟೆಯೊಳಗಿನ ಮರಿಯ ಚರ್ಮದ ಮೇಲೆ ಮೊದಲು ಸಣ್ಣ ಗುಳ್ಳೆಗಳೇಳುತ್ತವೆ, ಅಲ್ಲಿಂದಲೇ ಗರಿ ಹುಟ್ಟುತ್ತದೆ ಎಂದಳು ತೇಜಶ್ರೀ. ಕೋಳಿಯ ಗರಿ, ಉಗುರು, ನಮ್ಮ ಉಗುರು, ಎಲ್ಲವೂ ಚರ್ಮವೇ ಬೆಳೆಸಿದ್ದು.

"ನನ್ ಉಗ್ರೂವೆ?"

"ನಿಮ್ಮದೂ. ನಾಳೆ ಒಂಚೂರು ಕತ್ತರಿಸಿ ತನ್ನಿ, ನೋಡೋಣ."

ಅರಿಶಿನ ಹತ್ತಿ ಹಳದಿಯಾದ, ಈಳಿಗೆಮಣೆಗೆ ಸಿಕ್ಕಿ ಸೀಳಿದ ಹೆಬ್ಬೆರಳ ಉಗುರನ್ನು ಮಾದಮ್ಮ ಹೊಸದಾಗಿ ನೋಡಿದಳು. ಅಷ್ಟರಲ್ಲಿ ಆಚೆಯಿಂದ ಕೂಗು ಬಂತು: "ಮಾದಮ್ಮಾ, ಟೀ ಲೋಟ ತೊಳೀಲಿಲ್ವಾ?"

ಸಂಜೆ ಬ್ಲೇಡಿನಿಂದ ಉಗುರು ಕತ್ತರಿಸಿ ಕ್ಯಾಲೆಂಡರಿನ ಚೂರಿನಲ್ಲಿ ಸುತ್ತಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಮಾರನೆಯ ದಿನದಿಂದ ಮಕ್ಕಳಿಗೆ ಪರೀಕ್ಷೆಯ ರಜೆ. ನಾಳೆ ತನ್ನಿ ಎಂದಾಗ ತೇಜಶ್ರೀಗೂ ಅದು ಮರೆತುಹೋಗಿತ್ತೇನೋ.

ಎಂಟನೆಯ ದಿನ, ಬೇರೆ ಯಾರೂ ಬರುವ ಮೊದಲೇ, ಲ್ಯಾಬಿನ ಬೀಗ ತೆಗೆದ ಮಾದಮ್ಮ ಉಗುರನ್ನು ತಾನೇ ಗಾಜಿನ ಮೇಲಿಟ್ಟು ಬಗ್ಗಿದಳು. ದೀಪದ ಗುಂಡಿ ಎಲ್ಲಿದೆಯೋ ತಿಳಿಯದು. ಹುಡುಗಿ ಹೇಳಿದಂತೆ ಸ್ವಲ್ಪ ಹಿಂದೆ ಬಂದಳು. ಆಗಲೂ ಕಪ್ಪು ಗಾಜಿನಲ್ಲಿ ಕಂಡದ್ದು ತನ್ನದೇ ರೆಪ್ಪೆ. ನಡುವೆ ಒಂದೆರಡು ಬಿಳಿ ಕೂದಲು.

ಉಗುರನ್ನು ಮತ್ತೆ ಸುತ್ತಿಟ್ಟಳು. ಹೆಬ್ಬೆರಳಲ್ಲಿ ಹೊಸದು ಕೂದಲೆಳೆಯಷ್ಟು ಬೆಳೆದಿತ್ತು.

"ಪರೀಕ್ಷೆ ಯಾವತ್ತು ಮುಗೀತದೆ ಸಾ?" ಒಳಗೆ ಬಂದ ಅಟೆಂಡರ್ ಕೃಷ್ಣಪ್ಪನನ್ನು ಕೇಳಿದಳು.

"ಯಾಕಮ್ಮಾ, ನೀನೂ ಬರೀತಿಯಾ?"

"ಬರ್ಯಕ್ಕಲ್ಲ ಸಾ. ಒಂದ್ ನೋಡದು ಬಾಕಿ ಅದೆ."